ಬುಧವಾರವಿಲ್ಲದ ಮಂಗಳವಾರ

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ, ಎಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಎಡೆಗಳಲ್ಲಿ, ಈಚೆಗೆ 'ಕಾರ್ನಿವಲ್' ಎಂಬ ಶಬ್ದವು ಬಹಳ ಅಗ್ಗವಾಗಿದೆ. ಶಾಲೆಯ ಆವರಣದಲ್ಲಿ ನಾಲ್ಕು ಅಂಗಡಿಗಳನ್ನು ಹೂಡಿ ಒಂದು ತಿರುಗುವ ತೊಟ್ಟಿಲನ್ನು ನಿಲ್ಲಿಸಿದರೆ ಅದು ಕಾರ್ನಿವಲ್. ಬಹು ಅಂತಸ್ತಿನ ವಸತಿಗಳ ಸಂಘದವರು ಕಾರ್ತಿಕದಲ್ಲಿ ದೀಪ ತೂಗುಹಾಕಿ ತಿಂಡಿ ಮಾರಿದರೆ ಅದೂ ಕಾರ್ನಿವಲ್. ವಸ್ತ್ರದ ವರ್ತಕರು ಆಷಾಢದಲ್ಲಿ ಬೆಲೆಯಿಳಿಸಿದರೆ ಅದೂ ಕಾರ್ನಿವಲ್. ಬಗೆಬಗೆಯ ಮಾಂಸದ ಖಾದ್ಯಗಳಿಗೇ ಮೀಸಲಾದ ಕಾರ್ನಿವಲ್ಲುಗಳ ಫಲಕಗಳೂ ಅಲ್ಲಲ್ಲಿ ಕಣ್ಣಿಗೆ ಬೀಳುವುದುಂಟು. ಈ ಕಡೆಯದನ್ನು ನೋಡಿದ ಶಬ್ದಜ್ಞನು ನಗಬೇಕೋ ಅಳಬೇಕೋ ತಿಳಿಯದು. ಏತಕ್ಕೆಂದರೆ ಆ ಶಬ್ದದ ಅರ್ಥವೇ ಮಾಂಸವನ್ನು ತೊರೆಯುವುದು.

ಲ್ಯಾಟಿನ್ ಭಾಷೆಯಲ್ಲಿ 'ಕಾರೋ' ಎಂದರೆ ಮಾಂಸ. ಕತ್ತರಿಸುವುದೆಂಬ ಅರ್ಥವುಳ್ಳ ಸಂಸ್ಕೃತದ 'ಕೃತ್' ಧಾತುವಿಗೂ ಇದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 'ಲೆವಾರೆ' ಎಂದರೆ ಎತ್ತಿಬಿಡುವುದು, ಹಗುರಮಾಡುವುದು. ಇದು 'ಲಘು' ಶಬ್ದದ ಬಂಧು. ಈ ಎರಡೂ ಕೂಡಿ ಮಧ್ಯಯುಗದ ಇಟಲಿಯಲ್ಲಿ ಹುಟ್ಟಿದ ಹೆಸರೇ ಕಾಲಕ್ರಮದಲ್ಲಿ ಕಾರ್ನಿವಲ್ ಆಯಿತು. 'ಮಾಂಸವೇ, ಹೋಗಿ ಬಾ' ಎಂದು ಬೀಳ್ಕೊಡುವ ಮಾತೆಂದು ಜನರು ವಿನೋದಕ್ಕಾಗಿ ಬಿಡಿಸುವುದೂ ಉಂಟು. ಅದು ಶಾಸ್ತ್ರಸಮ್ಮತವಲ್ಲದಿದ್ದರೂ ತಾತ್ಪರ್ಯವು ಕೆಡುವುದಿಲ್ಲ. ಪೋರ್ತುಗೀಜರು ಇದೇ ಹಬ್ಬವನ್ನು 'ಎಂತ್ರೂದು' ಎಂದು ಕರೆಯುತ್ತಿದ್ದರು, ಎಂದರೆ ಪ್ರವೇಶ. ಯಾವುದರೊಳಕ್ಕೆ ಪ್ರವೇಶ? ನಲವತ್ತು ದಿನಗಳ ವ್ರತದೊಳಕ್ಕೆ. ಗೋವೆಯ ಮತ್ತು ಕರಾವಳಿಯ ಕೊಂಕಣಿ ಕ್ರೈಸ್ತರ ಬಾಯಲ್ಲಿ ಅದು 'ಇಂತ್ರೂಜ್' ಆಗಿ ಉಳಿದಿದೆ. ಹೀಗೆ ಒಂದು ಹೆಸರು ತ್ಯಾಗವನ್ನೂ ಮತ್ತೊಂದು ಹೊಸ್ತಿಲನ್ನೂ ಹೇಳುತ್ತದೆ. ಉಣ್ಣುವುದು, ಕುಡಿಯುವುದು, ಕುಣಿಯುವುದು ಎಂಬ ಅರ್ಥವು ಎರಡರಲ್ಲಿ ಒಂದಕ್ಕೂ ಇಲ್ಲ. ಹೊಸ್ತಿಲನ್ನು ಕಿತ್ತು ತಂದು ಬಯಲಿನಲ್ಲಿಟ್ಟು ಅದರ ಮೇಲೆ ಕುಣಿಯುವವರಿಗೆ, ಮನೆಯೆಲ್ಲಿ ಎಂದು ಯಾರಾದರೂ ಕೇಳಲೇಬೇಕಲ್ಲವೆ?

ಆ ಮನೆ ದೂರದಲ್ಲಿಲ್ಲ. ಮಾಗಡಿ ರಸ್ತೆಯ ಎರಡು ಪಕ್ಕಗಳಲ್ಲಿಯೂ, ಬಸವೇಶ್ವರನ ಹೆಸರನ್ನೇ ಹೊತ್ತ ಬಡಾವಣೆಯಲ್ಲಿಯೂ, ಕನ್ನಡ, ತಮಿಳು, ಕೊಂಕಣಿ, ಮಲೆಯಾಳ ಮಾತನಾಡುವ ಕ್ರೈಸ್ತ ಕುಟುಂಬಗಳು ವಾಸವಾಗಿವೆ. ಆ ವ್ರತಕಾಲಕ್ಕೆ ಕನ್ನಡ ಕ್ರೈಸ್ತರು ಇಟ್ಟಿರುವ ಹೆಸರು 'ತಪಸ್ಸುಕಾಲ'. ಅದು ಮೊದಲಾಗುವ ದಿನದ ಹೆಸರು 'ವಿಭೂತಿ ಬುಧವಾರ'. ಈ ಪದಗಳನ್ನು ಆರಿಸಿದವರಿಗೆ ಕನ್ನಡದ ನಾಡಿ ಚೆನ್ನಾಗಿ ತಿಳಿದಿತ್ತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಿಡಿದ ಗರಿಗಳನ್ನೇ ಸುಟ್ಟು, ಆ ಬೂದಿಯನ್ನು ಮಂತ್ರಿಸಿ, ಗುರುಗಳು ಪ್ರತಿಯೊಬ್ಬನ ಹಣೆಗೂ ಇಡುತ್ತಾರೆ. ನೀನು ಧೂಳಿ, ಧೂಳಿಯನ್ನೇ ಸೇರುವೆ ಎಂಬ ಸ್ಮರಣೆಯನ್ನು ಕೊಡುತ್ತಾರೆ. ದೇಹವು ಭಸ್ಮದಲ್ಲಿ ಮುಗಿಯತಕ್ಕದ್ದೆಂದು ಈಶಾವಾಸ್ಯದ ಕೊನೆಯಲ್ಲಿ ಓದಿದವರಿಗೆ ಇದು ಅಪರಿಚಿತವೆನ್ನಿಸಲಾರದು. ಅಷ್ಟಾವರಣಗಳಲ್ಲಿ ವಿಭೂತಿಯನ್ನು ಒಂದಾಗಿ ಎಣಿಸುವವರಿಗೂ ಎನ್ನಿಸಲಾರದು.

ಇನ್ನೊಂದು ವಿಷಯವು ಪಂಚಾಂಗವನ್ನು ನೋಡತಕ್ಕವರಿಗೆ ವಿಶೇಷ ಕುತೂಹಲವನ್ನುಂಟುಮಾಡುವುದು. ಈಸ್ಟರ್ ಹಬ್ಬವು ಸ್ಥಿರವಾದ ತಾರೀಖಿನದಲ್ಲ. ಮಾರ್ಚ್ 21 ಅಥವಾ ಆ ಮೇಲೆ ಬರುವ ಹುಣ್ಣಿಮೆಯ ನಂತರದ ಭಾನುವಾರಕ್ಕೆ ಅದು ಬೀಳುತ್ತದೆ. ಅದರಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ. ನಡುವಣ ಆರು ಭಾನುವಾರಗಳನ್ನು ಕಳೆದರೆ ವ್ರತದ ದಿನಗಳು ಸರಿಯಾಗಿ 40. ಹುಣ್ಣಿಮೆಯಿಂದ ಒಂದೂವರೆ ಚಾಂದ್ರಮಾಸ ಹಿಂದೆ ಸರಿದರೆ ಅಮಾವಾಸ್ಯೆ. ಆದ ಕಾರಣ ಕಾರ್ನಿವಲ್ಲಿನ ಮಂಗಳವಾರವು ಯಾವಾಗಲೂ ಒಂದು ಅಮಾವಾಸ್ಯೆಯ ಆಸುಪಾಸಿನಲ್ಲಿಯೇ ಬರತಕ್ಕದ್ದು. ಮಾಘದ ಅಮಾವಾಸ್ಯೆಯ ಹಿಂದಿನ ರಾತ್ರಿ ಮಹಾಶಿವರಾತ್ರಿಯಷ್ಟೆ. 2021, 2024ರಂತೆ ಕೆಲವು ವರ್ಷಗಳಲ್ಲಿ ಎರಡಕ್ಕೂ ಒಂದು ತಿಂಗಳ ಅಂತರ ಬೀಳುವುದಾದರೂ, ಮಿಕ್ಕ ವರ್ಷಗಳಲ್ಲಿ ಅವು ಒಂದರ ಬೆನ್ನಿಗೊಂದು ಬರುತ್ತವೆ. 2023ರಲ್ಲಿ ಶಿವರಾತ್ರಿ ಫೆಬ್ರವರಿ 18, ವಿಭೂತಿ ಬುಧವಾರ 22. 2026ರಲ್ಲಿ ಶಿವರಾತ್ರಿ ಫೆಬ್ರವರಿ 15, ವಿಭೂತಿ ಬುಧವಾರ 18. ಎಲ್ಲಕ್ಕಿಂತ ಸೋಜಿಗವಾದದ್ದು 2022: ಮಾರ್ಚ್ 1ರ ಮಂಗಳವಾರವೇ ಶಿವರಾತ್ರಿ, ಮಾರ್ಚ್ 2ರ ಬುಧವಾರವೇ ಕ್ರೈಸ್ತರ ವಿಭೂತಿ. ರಾತ್ರಿಯೆಲ್ಲ ಜಾಗರಣೆ ಮಾಡಿ ಭಸ್ಮವನ್ನು ಧರಿಸಿ ಬೆಳಿಗ್ಗೆ ದೇವಾಲಯದಿಂದ ಹೊರಬಿದ್ದವನೂ, ಬೆಳಿಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡು ಇಗರ್ಜಿಯಿಂದ ಹೊರಬಿದ್ದವನೂ ಅಂದು ರಾಜಾಜಿನಗರದ ಒಂದೇ ಬಸ್ಸು ನಿಲ್ದಾಣದಲ್ಲಿ ನಿಲ್ಲಬಹುದಾಗಿತ್ತು. ನೆರೆಯವರ ಪಂಚಾಂಗವನ್ನು ತೆರೆದು ನೋಡುವ ಅಭ್ಯಾಸವು ಎರಡು ಕಡೆಯಲ್ಲಿಯೂ ಕಡಮೆ.

ಇರಲಿ. ಪ್ರಕೃತ ವಿಷಯದಲ್ಲಿ ಎರಡು ಪಕ್ಷಗಳು ಪರಸ್ಪರ ವಿರುದ್ಧವಾದ ದಿಕ್ಕುಗಳಿಂದ ಬಂದು ಒಂದೇ ತಪ್ಪಿನಲ್ಲಿ ಕೂಡುತ್ತವೆ. ಮೊದಲನೆಯ ಪಕ್ಷದವರು ಸದಾಚಾರದ ಅಭಿಮಾನಿಗಳು. ಕಾರ್ನಿವಲ್ ಎಂದರೆ ಪರದೇಶದ ಸ್ವೇಚ್ಛಾಚಾರ, ಮದ್ಯಪಾನ, ನಿರ್ಲಜ್ಜವಾದ ಕುಣಿತ. ಗೋವೆಯಿಂದ ಅದು ಈ ಕಡೆಗೆ ಹರಿದು ಬರುತ್ತಿದೆ, ತಡೆಯಬೇಕು ಎಂದು ಇವರ ವಾದ. ಈ ಮಹನೀಯರು ಶ್ರೀಹರ್ಷನ 'ರತ್ನಾವಳಿ'ಯ ಮೊದಲನೆಯ ಅಂಕವನ್ನಾದರೂ ಒಂದು ಸಾರಿ ತೆರೆದು ನೋಡಬೇಕು. ಏಳನೆಯ ಶತಮಾನದ ಆ ನಾಟಕದಲ್ಲಿ ಮದನೋತ್ಸವದ ದಿನ ಕೌಶಾಂಬಿಯ ಬೀದಿಗಳು ಬಣ್ಣದ ಪುಡಿಯಿಂದ ಕೆಂಪಾಗಿವೆ. ಪೌರರು ಪೀಚುಗೊಳವಿಗಳಿಂದ ಒಬ್ಬರ ಮೇಲೊಬ್ಬರು ನೀರೆರಚುತ್ತಾರೆ. ವಿದೂಷಕನು ದಾಸಿಯರ ನಡುವೆ ನುಗ್ಗಿ ಕುಣಿಯುತ್ತಾನೆ. ವತ್ಸರಾಜನು ಉಪ್ಪರಿಗೆಯ ಮೇಲೆ ನಿಂತು ನೋಡಿ ಸಂತೋಷಪಡುತ್ತಾನೆ. ಹಳೆಯ ಗೋವೆಯ ಇಂತ್ರೂಜಿನಲ್ಲಿ ನಡೆಯುತ್ತಿದ್ದದ್ದೂ ಇಷ್ಟೆ: ನೀರು, ಹಿಟ್ಟು, ಬಣ್ಣದ ಪುಡಿ, ವೇಷ, ನಗೆ. ಬಾಗಲಕೋಟೆಯ ಓಕುಳಿಯನ್ನು ಕೊಂಡಾಡುವ ನಾಲಗೆಯೇ ಇದನ್ನು ಸ್ವೇಚ್ಛಾಚಾರವೆಂದರೆ, ಆಕ್ಷೇಪಣೆಯು ಆಚಾರದ ಮೇಲಲ್ಲ, ಆಚರಿಸುವವರ ಮೇಲೆ ಎಂದು ತಿಳಿಯಬೇಕಾಗುವುದು.

ಪರದೇಶದ್ದೆಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಗೋವೆಯ ಸಾಲಸೇಟೆ ಭಾಗದ ಚಾಂದೋರ್ ಎಂಬ ಊರು ಕದಂಬರ ಚಂದ್ರಪುರ. ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಶಾಸನಗಳನ್ನು ಬರೆಯಿಸಿದ ಗೋವೆಯ ಕದಂಬರಿಗೆ ಅದು ರಾಜಧಾನಿಯಾಗಿತ್ತು. ಆ ಊರಿನ ಕ್ರೈಸ್ತರು ಇಂತ್ರೂಜಿನ ದಿನಗಳಲ್ಲಿ ಕೈಯಲ್ಲಿ ಒನಕೆಯನ್ನು ಹಿಡಿದು, ನೆಲವನ್ನು ಕುಟ್ಟುತ್ತ, ಹಾಡುತ್ತ ಕುಣಿಯುವ ಒಂದು ಆಟವಿದೆ. ಅದರ ಹೆಸರು 'ಮುಸಳ್ ಖೇಳ್'. ಸಂಸ್ಕೃತವನ್ನು ಎರಡು ವರ್ಷ ಓದಿದ ಬಾಲಕನೂ ಇದರಲ್ಲಿ ಮುಸಲವನ್ನೂ ಖೇಲೆಯನ್ನೂ ಗುರುತಿಸಬಲ್ಲನು. ವಿಜಯನಗರದ ಹರಿಹರನು ಚೋಳರನ್ನು ಗೆದ್ದ ನೆನಪಿಗಾಗಿ ಈ ಕುಣಿತವೆಂದು ಊರಿನವರ ಐತಿಹ್ಯ. ಹರಿಹರನ ಕಾಲಕ್ಕೆ ಚೋಳರ ರಾಜ್ಯವು ಮುಗಿದುಹೋಗಿತ್ತೆಂದು ಚರಿತ್ರಕಾರರು ಆಕ್ಷೇಪಿಸಬಹುದು. ಆದರೆ ಮತಾಂತರವಾಗಿ ನಾಲ್ಕು ಶತಮಾನಗಳು ಕಳೆದರೂ ವಿಜಯನಗರದ ಹೆಸರನ್ನು ಬಾಯಲ್ಲಿ ಉಳಿಸಿಕೊಂಡ ಜನರನ್ನು ಪರದೇಶಿಗಳೆನ್ನುವ ಧೈರ್ಯವು, ವಿಜಯನಗರವೆಂಬ ಹೆಸರಿನ ಬಡಾವಣೆಯಲ್ಲಿ ಕುಳಿತವರಿಗೆ ಬರಬಾರದು.

ಭೋಗಕ್ಕೆ ಮುನ್ನ ತ್ಯಾಗ, ತ್ಯಾಗಕ್ಕೆ ಮುನ್ನ ಭೋಗ ಎಂಬ ಜೋಡಿಯು ಈ ನಾಡಿಗೆ ಹೊಸದೇನೂ ಅಲ್ಲ. ಶ್ರಾವಣದಲ್ಲಿ ಮಾಂಸವನ್ನು ಬಿಡುವ ಮನೆಗಳು ಆಷಾಢದ ಕೊನೆಯಲ್ಲಿ ಏನು ಮಾಡುತ್ತವೆಂಬುದು ಎಲ್ಲರಿಗೂ ತಿಳಿದದ್ದೇ. ಮಹಾರಾಷ್ಟ್ರದಲ್ಲಿ ಆ ಅಮಾವಾಸ್ಯೆಗೆ 'ಗಟಾರಿ' ಎಂಬ ಅಷ್ಟೇನೂ ಗೌರವವಿಲ್ಲದ ಹೆಸರೇ ಬಿದ್ದಿದೆ. ಹಳೆಯ ಮೈಸೂರಿನ ಸೀಮೆಯಲ್ಲಿ ಯುಗಾದಿಯಂದು ಬೇವುಬೆಲ್ಲ, ಹೋಳಿಗೆ, ಮರುದಿನ ಹೊಸತೊಡಕು. ಕ್ರಮವು ತಿರುಗುಮುರುಗಾದರೂ ಜೋಡಿಯು ಜೋಡಿಯೇ. ಆದುದರಿಂದ ಮೊದಲನೆಯ ಪಕ್ಷವನ್ನು ಇಲ್ಲಿಗೆ ಬಿಡಬಹುದು.

ಎರಡನೆಯ ಪಕ್ಷದವರೇ ಹೆಚ್ಚು ಬಲಶಾಲಿಗಳು. ಅವರ ಹಿಂದೆ ಹಣವಿದೆ. ಅವರ ಮಾತು ಹೀಗೆ: "ಹೆಸರಿನಲ್ಲೇನಿದೆ? ಶಬ್ದಗಳ ಅರ್ಥವು ಬದಲಾಗುತ್ತ ಹೋಗುತ್ತದೆ. ಕಾರ್ನಿವಲ್ ಎಂದರೆ ಈಗ ಸಂತೋಷಕೂಟ. ಮಕ್ಕಳು ನಲಿಯಲಿ, ವ್ಯಾಪಾರವೂ ಆಗಲಿ. ಯಾರ ವ್ರತಕ್ಕೆ ಇದರಿಂದ ಏನು ಕುಂದು?" ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯೋಗಾರ್ಥಕ್ಕಿಂತ ರೂಢಾರ್ಥವೇ ಬಲವುಳ್ಳದ್ದೆಂಬುದು ಶಾಸ್ತ್ರಕಾರರ ನಿರ್ಣಯ. ಕುಶವನ್ನು ತರಬಲ್ಲವನೇ ಕುಶಲನೆಂದು ಇಂದು ಯಾರೂ ಹಟಹಿಡಿಯುವುದಿಲ್ಲ. 'ಮಂಟಪ'ವು ಗಂಜಿಯನ್ನು ಕುಡಿಯುವವನೆಂದು ಯಾರೂ ಬಿಡಿಸುವುದಿಲ್ಲ. ಹೀಗಿರುವಾಗ ಕಾರ್ನಿವಲ್ ಒಂದಕ್ಕೇ ಧಾತ್ವರ್ಥದ ಕಾವಲೇಕೆ?

ಸಮಾಧಾನವೇನೆಂದರೆ, ರೂಢಿಯು ಯೋಗವನ್ನು ನುಂಗುವುದು ಹಳೆಯ ಅರ್ಥಕ್ಕೆ ವಾರಸುದಾರರು ಇಲ್ಲದಲ್ಲಿ. ಕುಶವನ್ನು ತರುವುದನ್ನೇ ವೃತ್ತಿಯಾಗಿ ಮಾಡಿಕೊಂಡು 'ಕುಶಲ' ಶಬ್ದವು ತಮ್ಮದೆನ್ನುವ ಜನರು ಯಾರೂ ಈಗ ಇಲ್ಲ. ಕಾರ್ನಿವಲ್ಲಿಗೆ ಅರ್ಥವನ್ನು ಕೊಡುವ ವ್ರತವಾದರೋ ಜೀವಂತವಾಗಿದೆ. ಅದನ್ನು ಆಚರಿಸುವವರು ಅದೇ ಬೀದಿಯಲ್ಲಿದ್ದಾರೆ. ಯಾರಾದರೂ ಒಬ್ಬ ಹೋಟೆಲಿನವನು ಮಲ್ಲೇಶ್ವರದಲ್ಲಿ 'ಏಕಾದಶಿ ಮಹಾಭೋಜನ' ಎಂದು ಫಲಕ ಕಟ್ಟಿ, ತಿಂಗಳಿಗೆ ಮೂವತ್ತು ದಿನವೂ ಬಡಿಸಿದರೆ, ಹೆಸರಿನಲ್ಲೇನಿದೆ ಎನ್ನುವ ಈ ಮಹಾಶಯರೇ ಮರುದಿನ ಪತ್ರಿಕೆಗಳಿಗೆ ಬರೆಯುವರು. ಶಬ್ದವು ಆಗ ಸಂತೋಷಕೂಟವಾಗಿ ಉಳಿಯುವುದಿಲ್ಲ, ಅವಮಾನವಾಗುತ್ತದೆ. ಕ್ರೈಸ್ತರು ಹಾಗೆ ಬರೆಯುವುದಿಲ್ಲವೆಂಬುದು ಅವರ ಸೌಜನ್ಯಕ್ಕೆ ಸಾಕ್ಷಿಯೇ ಹೊರತು ಇವರ ವಾದಕ್ಕೆ ಪ್ರಮಾಣವಲ್ಲ.

ಆದರೆ ಕಾರ್ನಿವಲ್ಲಿನ ನಿಜವಾದ ಸ್ವಾರಸ್ಯವು ಶಬ್ದದಲ್ಲಿಲ್ಲ, ಅದರ ಅವಧಿಯಲ್ಲಿದೆ. ಶಾಕುಂತಲವನ್ನು ಓದಿ ಮನಸೋತ ಜರ್ಮನ್ ಕವಿ ಗಯಟೆ, ಅದಕ್ಕೆ ಕೆಲವು ವರ್ಷ ಮುಂಚೆ, 1788ರಲ್ಲಿ, ರೋಮಾಪುರಿಯ ಕಾರ್ನಿವಲ್ಲನ್ನು ಕಣ್ಣಾರೆ ಕಂಡು ಒಂದು ವರ್ಣನೆಯನ್ನು ಬರೆದನು. ಕೊನೆಯ ಮಂಗಳವಾರದ ಸಂಜೆ ಊರಿನವರೆಲ್ಲರೂ ಕೈಯಲ್ಲಿ ಒಂದೊಂದು ಸಣ್ಣ ಮೇಣದ ಬತ್ತಿಯನ್ನು ಹಚ್ಚಿಕೊಂಡು ಹೊರಡುತ್ತಾರೆ. ಪ್ರತಿಯೊಬ್ಬನೂ ಪಕ್ಕದವನ ದೀಪವನ್ನು ಊದಿ ಆರಿಸಲು ಯತ್ನಿಸುತ್ತಾನೆ, ತನ್ನದನ್ನು ಕಾಪಾಡಿಕೊಳ್ಳುತ್ತಾನೆ. ದೀಪವಿಲ್ಲದವನಿಗೆ ಮರಣವಾಗಲೆಂದು ಕೂಗುತ್ತಾರೆ. ಪ್ರಭುವಿಗೂ ಸೇವಕನಿಗೂ, ತಂದೆಗೂ ಮಗನಿಗೂ ಆ ಗಳಿಗೆಯಲ್ಲಿ ಭೇದವಿಲ್ಲ. ಮಗನೇ ತಂದೆಯ ದೀಪವನ್ನು ಊದಿ ಆರಿಸಿ ಆ ಶಾಪವನ್ನು ಕೂಗುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮುಗಿಯುತ್ತದೆ. ಜನರು ಕೊನೆಯ ಮಾಂಸದೂಟಕ್ಕೆ ಮನೆಗಳಿಗೆ ಓಡುತ್ತಾರೆ, ಏತಕ್ಕೆಂದರೆ ನಡುರಾತ್ರಿ ಹೊಡೆದ ಮೇಲೆ ಅದನ್ನು ಮುಟ್ಟುವಂತಿಲ್ಲ. ಬೆಳಗಾದರೆ ಹಣೆಗೆ ಬೂದಿ. ಆರುವ ದೀಪದ ಆಟವನ್ನು ಆಡಿದವರಿಗೆ ಬೂದಿಯು ಅನಿರೀಕ್ಷಿತವಲ್ಲ.

ಗೋವೆಯಲ್ಲಿಯೂ ಇದೇ ಕಟ್ಟು. ಶನಿವಾರ 'ಮೊಮೊ' ಎಂಬ ಹೆಸರಿನ ಸ್ಥೂಲಕಾಯದ ರಾಜನೊಬ್ಬನು ಪಟ್ಟಕ್ಕೆ ಬಂದು, ಉಣ್ಣಿರಿ, ಕುಡಿಯಿರಿ, ನಲಿಯಿರಿ ಎಂದು ರಾಜಾಜ್ಞೆಯನ್ನು ಹೊರಡಿಸುತ್ತಾನೆ. ಮೊಮೊ ಎಂದರೆ ಗ್ರೀಕರ ಪುರಾಣದ ಮೋಮಸ್, ಪರಿಹಾಸದ ಅಧಿದೇವತೆ. ದೇವತೆಗಳನ್ನೇ ಹಾಸ್ಯಮಾಡಿ ದೇವಲೋಕದಿಂದ ಹೊರದೂಡಲ್ಪಟ್ಟವನು. ಅವನ ಆಳಿಕೆ ನಾಲ್ಕು ದಿನ. ಮಂಗಳವಾರ ರಾತ್ರಿಗೆ ಅವನ ರಾಜ್ಯವು ಮುಗಿಯುತ್ತದೆ. ಹೀಗೆ ಮುಗಿಯುವುದರಿಂದಲೇ ಅವನಿಗೆ ನಗುವ ಅಧಿಕಾರವುಂಟು. ನಾಲ್ಕು ದಿನದ ರಾಜನು ವಿದೂಷಕ. ವರ್ಷವೆಲ್ಲ ಆಳುವ ಮೊಮೊ ಯಾರು? ಬೆಂಗಳೂರಿನಲ್ಲಿ ಈಗ ನಡೆಯುತ್ತಿರುವುದು ಇದೇ. ಜೂನಿನಲ್ಲಿಯೂ ಮೊಮೊ, ಅಕ್ಟೋಬರಿನಲ್ಲಿಯೂ ಮೊಮೊ. ಅವನನ್ನು ಇಳಿಸುವ ಬುಧವಾರವು ಯಾವ ಜಾಹೀರಾತಿನಲ್ಲಿಯೂ ಇಲ್ಲ. ಫಲಕಗಳಲ್ಲಿ ಪ್ರಾರಂಭದ ದಿನವು ದೊಡ್ಡ ಅಕ್ಷರದಲ್ಲಿರುತ್ತದೆ. ಮುಕ್ತಾಯದ ದಿನದ ಮೇಲೆ 'ಜನರ ಒತ್ತಾಯದ ಮೇರೆಗೆ ವಿಸ್ತರಿಸಲಾಗಿದೆ' ಎಂದು ಚೀಟಿಯನ್ನು ಅಂಟಿಸಿರುತ್ತಾರೆ. ವ್ರತವನ್ನು ಕಳಚಿದ ಹಬ್ಬಕ್ಕೆ ಗಡಿಯಾರವಿಲ್ಲ.

ಈ ರೋಗವು ಗೋವೆಯಲ್ಲಿಯೇ ಮೊದಲಾಯಿತೆಂದು ಹೇಳುವವರಿದ್ದಾರೆ. 1510ರಿಂದ ನಡೆದ ಪೋರ್ತುಗೀಜರ ಆಳಿಕೆ 1961ರಲ್ಲಿ ಮುಗಿಯಿತು; 1965ರಲ್ಲಿ ಪಣಜಿಯ ಬೀದಿಗಳಲ್ಲಿ ಅಲಂಕೃತವಾದ ಬಂಡಿಗಳ ಮೆರವಣಿಗೆಯು ಪ್ರಾರಂಭವಾಗಿ, ಕ್ರಮೇಣ ಸರ್ಕಾರದ ಪ್ರವಾಸೋದ್ಯಮವು ಅದನ್ನು ಕೈಗೆತ್ತಿಕೊಂಡಿತು. ವರ್ತಕರ ಸರಕಿನ ಹೆಸರುಗಳನ್ನು ಹೊತ್ತ ಬಂಡಿಗಳು ಹೆಚ್ಚಿದಂತೆ ಹಳ್ಳಿಯ ಖೇಳಗಳು ಹಿಂದೆ ಸರಿದವು. ಈ ಮೆರವಣಿಗೆಯು ತಮ್ಮದಲ್ಲವೆಂದು ಅಲ್ಲಿನ ಕ್ರೈಸ್ತಸಭೆಯ ಹಿರಿಯರೇ ಅನೇಕ ವೇಳೆ ಹೇಳಿದ್ದಾರೆ. ಆದರೂ ಒಂದು ಮಾತನ್ನು ಒಪ್ಪಬೇಕು: ಪಣಜಿಯ ಮೆರವಣಿಗೆ ಎಷ್ಟೇ ಕೆಟ್ಟಿದ್ದರೂ ಬುಧವಾರಕ್ಕೆ ಹೆದರುತ್ತದೆ. ಅಲ್ಲಿ ಮಂಗಳವಾರವಾದ ಮೇಲೆ ಬುಧವಾರ ಬಂದೇ ಬರುತ್ತದೆ, ಇಗರ್ಜಿಯ ಗಂಟೆ ಹೊಡೆಯುತ್ತದೆ. ಬೆಂಗಳೂರಿನಿಂದ ಮೂರು ದಿನದ ರಜೆ ಹಾಕಿ ಹೋದವರು ಮಾತ್ರ ಗಂಟೆ ಹೊಡೆಯುವುದಕ್ಕೆ ಮುಂಚೆ ಹಿಂದಿರುಗುವ ಬಸ್ಸು ಹಿಡಿದಿರುತ್ತಾರೆ.

ಇನ್ನು ಮೂರನೆಯ ಆಕ್ಷೇಪವೊಂದುಂಟು. ಅದು ಕೆಲವು ವಿದ್ಯಾವಂತ ಕ್ರೈಸ್ತ ತರುಣರ ಬಾಯಲ್ಲಿಯೇ ಬರುವುದು. ರೋಮಿನ ಜಗದ್ಗುರು ಆರನೆಯ ಪೌಲರು 1966ರಲ್ಲಿಯೇ ಕಟ್ಟಳೆಗಳನ್ನು ಸಡಿಲಿಸಿ, ಉಪವಾಸವನ್ನು ವಿಭೂತಿ ಬುಧವಾರ, ಶುಭ ಶುಕ್ರವಾರ ಎಂಬ ಎರಡು ದಿನಗಳಿಗೆ ಇಳಿಸಿದರಲ್ಲ. ಮಾಂಸವರ್ಜನೆಯು ವಿಭೂತಿ ಬುಧವಾರಕ್ಕೂ ಶುಕ್ರವಾರಗಳಿಗೂ ಮಾತ್ರ ಉಳಿಯಿತಲ್ಲ. ಹಿಂದಿನಂತೆ ಮೊಟ್ಟೆ ಬೆಣ್ಣೆಗಳನ್ನೂ ಬಿಟ್ಟು ನಲವತ್ತು ದಿನ ಸವೆಸುವವರು ಯಾರು? ವ್ರತವೇ ಸಡಿಲವಾದ ಮೇಲೆ ಅದರ ಹೊಸ್ತಿಲಿಗೆ ಏನು ಮರ್ಯಾದೆ? ಉತ್ತರವು ಸುಲಭ. ಕಟ್ಟಳೆಯಿಂದ ಬಿಡಿಸಿದ್ದು ಬಲಾತ್ಕಾರವನ್ನು ತೆಗೆಯುವುದಕ್ಕೆ, ವ್ರತವನ್ನು ಅಳಿಸುವುದಕ್ಕಲ್ಲ. ಪ್ರಾರ್ಥನೆ, ಉಪವಾಸ, ದಾನ ಎಂಬ ಮೂರು ಅಂಗಗಳು ತಪಸ್ಸುಕಾಲಕ್ಕೆ ಹಾಗೆಯೇ ಉಳಿದಿವೆ. ಇಂದಿಗೂ ನಲವತ್ತು ದಿನ ಮಾಂಸವನ್ನು ಮುಟ್ಟದ, ಮದುವೆಯನ್ನು ಮುಂದೂಡುವ ಕನ್ನಡ ಕ್ರೈಸ್ತ ಮನೆಗಳುಂಟು. ದಾನಕ್ಕೆ ಪಾತ್ರವನ್ನು ಹುಡುಕಿ ಬಹು ದೂರ ಹೋಗಬೇಕಾದದ್ದೂ ಇಲ್ಲ: ಕುಷ್ಠರೋಗಿಗಳ ಆರೈಕೆಗಾಗಿ 1970ರ ದಶಕದಲ್ಲಿ ಬೆಂಗಳೂರಿನ ಕಥೋಲಿಕ ಧರ್ಮಪ್ರಾಂತ್ಯದವರು ಪ್ರಾರಂಭಿಸಿದ ಸುಮನಹಳ್ಳಿಯ ಸಂಸ್ಥೆಯು ಮಾಗಡಿ ರಸ್ತೆಯಲ್ಲಿಯೇ ಇದೆ. ಬಸ್ಸಿನ ನಿರ್ವಾಹಕನು ದಿನಕ್ಕೆ ನೂರು ಸಾರಿ ಆ ಹೆಸರನ್ನು ಕೂಗುತ್ತಾನೆ. ಹೆಸರಿನ ಹಿಂದಿರುವುದೇನೆಂದು ಇಳಿದು ವಿಚಾರಿಸುವವರು ಎಷ್ಟು ಮಂದಿ?

ಕರ್ನಾಟಕದ ಕ್ರೈಸ್ತರಿಗೆ ಈ ಬುಧವಾರವು ಮತ್ತೊಂದು ಕಾರಣದಿಂದಲೂ ಭಾರವಾದದ್ದು. ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸೆರೆಹಿಡಿದದ್ದು ವಿಭೂತಿ ಬುಧವಾರದಂದು ಎಂದೇ ಮಂಗಳೂರಿನ ಕ್ರೈಸ್ತರ ಪರಂಪರೆಯ ಸ್ಮರಣೆ. ಉಳಿದವರು ಬಿಡುಗಡೆಯಾದದ್ದು 1799ರಲ್ಲಿ, ಹದಿನೈದು ವರ್ಷಗಳ ಮೇಲೆ. ಅಂದರೆ ಆ ಪೀಳಿಗೆಯವರಿಗೆ ಮಂಗಳವಾರದ ಊಟಕ್ಕೂ ಮರುದಿನದ ಬೂದಿಗೂ ನಡುವಣ ಗೆರೆಯು ಬರಿಯ ಆಚಾರದ ಗೆರೆಯಾಗಿರಲಿಲ್ಲ. ಅವರ ಸಂತತಿಯವರು ಇಂದು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ, ಅವರ ಮಕ್ಕಳು ಈ ಬಡಾವಣೆಗಳ ಶಾಲೆಗಳಲ್ಲಿ ಓದುತ್ತಾರೆ. ಆ ಶಾಲೆಯಲ್ಲಿ ತಪಸ್ಸುಕಾಲದ ನಟ್ಟನಡುವೆ, ಕೆಲವು ವೇಳೆ ದೀರ್ಘ ರಜೆ ಒದಗಿತೆಂಬ ಕಾರಣಕ್ಕೆ ಶುಭ ಶುಕ್ರವಾರದ ಮಗ್ಗುಲಲ್ಲಿಯೇ, 'ಕಾರ್ನಿವಲ್' ಎಂದು ಸಾರಿ ಮಕ್ಕಳ ಮುಖಕ್ಕೆ ಬಣ್ಣ ಬಳಿದರೆ, ಆ ಮಗು ಮನೆಗೆ ಹೋಗಿ ತಾಯಿಗೆ ಏನೆಂದು ಹೇಳಬೇಕು? ವ್ರತಕ್ಕೆ ಏನು ಕುಂದು ಎಂದು ಕೇಳಿದವರು ಇದಕ್ಕೆ ಉತ್ತರವನ್ನು ಕೊಡಲಿ.

ಮಕ್ಕಳು ನಲಿಯಬಾರದೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನಲಿವಿಗೆ ಬೇಕಾದ ಹೆಸರುಗಳಿಗೆ ಕನ್ನಡದಲ್ಲಿ ಬರವಿದೆಯೆ? ಜಾತ್ರೆಯಿದೆ, ಸಂತೆಯಿದೆ, ಪರಿಷೆಯಿದೆ, ಮೇಳವಿದೆ, ತೇರು ಇದೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಯಾರೂ ಹೊಸ ಹೆಸರನ್ನು ಹುಡುಕಲಿಲ್ಲ. ಜನಕ್ಕೂ ಕೊರತೆಯಾಗಲಿಲ್ಲ, ಕಡಲೆಕಾಯಿಗೂ ಕೊರತೆಯಾಗಲಿಲ್ಲ. ಶಾಲೆಯ ಆವರಣದಲ್ಲಿ ನಾಲ್ಕು ಅಂಗಡಿ ಹೂಡಿದರೆ ಅದನ್ನು ಸಂತೆಯೆಂದರೆ ಸಾಕು. ಗಣಿತದ ಉಪಾಧ್ಯಾಯರು ಅದರಿಂದ ಲಾಭನಷ್ಟದ ಲೆಕ್ಕವನ್ನೂ ಹೇಳಿಕೊಡಬಹುದು. ಸಂತೆ ಎಂಬ ಮಾತು ಹಳ್ಳಿಯ ವಾಸನೆ ಹೊಡೆಯುತ್ತದೆಂದು ಮೂಗು ಮುರಿಯುವ ತಾಯ್ತಂದೆಗಳು ಇದ್ದರೆ, ಅವರ ಮೂಗಿನ ಚಿಕಿತ್ಸೆಯು ಸಾಹಿತ್ಯ ಪತ್ರಿಕೆಯ ವ್ಯಾಪ್ತಿಗೆ ಸೇರಿದ್ದಲ್ಲ.

ಕಾರ್ನಿವಲ್ಲೇ ಬೇಕೆಂಬವರಿಗೂ ಅಡ್ಡಿಯಿಲ್ಲ, ಆದರೆ ಇಡಿಯಾಗಿ ತೆಗೆದುಕೊಳ್ಳಲಿ. ಶನಿವಾರದಿಂದ ಮಂಗಳವಾರದವರೆಗೆ ಎಂಬ ಅದರ ನಿಯತ ಕಾಲದಲ್ಲಿ ನಡೆಯಿಸಲಿ. ನೆರೆಯ ಕ್ರೈಸ್ತ ಗೃಹಸ್ಥರನ್ನು ಗಿರಾಕಿಗಳಾಗಿ ಅಲ್ಲ, ಯಜಮಾನರಾಗಿ ಕರೆಯಲಿ. ಕೊಂಕಣಿಯ ಹಾಡುಗಳನ್ನು ಹಾಡಿಸಲಿ, ಮುಸಳ್ ಖೇಳನ್ನು ಬಲ್ಲವರಿದ್ದರೆ ಅದನ್ನೂ ಆಡಿಸಲಿ. ಮೊಮೊ ರಾಜನನ್ನು ಮಂಗಳವಾರ ರಾತ್ರಿ ಎಲ್ಲರೂ ನೋಡುವಂತೆ ಪಟ್ಟದಿಂದ ಇಳಿಸಲಿ. ಮರುದಿನ ಬೆಳಿಗ್ಗೆ ಅಂಗಡಿಯನ್ನು ತೆರೆಯದಿರಲಿ. ಈ ಕಡೆಯ ನಿಯಮವೇ ವರ್ತಕರಿಗೆ ಕಹಿ. ಮಿಕ್ಕದ್ದೆಲ್ಲವನ್ನೂ ಅವರು ಒಪ್ಪುವರೆಂಬುದರಲ್ಲಿ ಸಂದೇಹವಿಲ್ಲ.

2027ನೆಯ ವರ್ಷದಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬೀಳುವುದರಿಂದ ವಿಭೂತಿ ಬುಧವಾರವು ಫೆಬ್ರವರಿ 10. ಮೊಮೊವಿನ ಆಳಿಕೆ 6ರ ಶನಿವಾರ ಮೊದಲಾಗಿ 9ರ ಮಂಗಳವಾರ ರಾತ್ರಿಗೆ ಮುಗಿಯತಕ್ಕದ್ದು. ಶಿವರಾತ್ರಿಯು ಆ ವರ್ಷ ಒಂದು ಅಮಾವಾಸ್ಯೆ ಮುಂದಕ್ಕೆ ಹೋಗಿ ಮಾರ್ಚ್ 6ಕ್ಕೆ ಬರುತ್ತದೆ. ಫಲಕಗಳನ್ನು ಅಚ್ಚುಹಾಕಿಸುವ ಸಮಿತಿಗಳವರು ಈ ತಾರೀಖುಗಳನ್ನು ಗುರುತುಹಾಕಿಕೊಳ್ಳಬಹುದು.